ಗೂಗಲ್‌ನ ಐಟಿ ಸಪೋರ್ಟ್ ಕೋರ್ಸ್: ಶಾಂತಳ್ಳಿಯಲ್ಲಿ ಕುಳಿತು ಕಲಿತವಳ ಅನುಭವ

ಆನ್‌ಲೈನ್ ಪಾಠಗಳ ತಾಣವಾದ ಕೋರ್ಸೆರಾದಲ್ಲಿರುವ ಗೂಗಲ್‌ನ ಐಟಿ ಸಪೋರ್ಟ್ ಸರ್ಟಿಫಿಕೇಟ್ ಕೋರ್ಸಿಗೆ ನಾನು ಸೇರಿದ್ದು 2022ರ ಜೂನ್‌ನಲ್ಲಿ, ಮುಗಿಸಿದ್ದು 2023ರ ಏಪ್ರಿಲ್‌ನಲ್ಲಿ. ಮುಗಿಸಿದ ವಾರವೇ ವಿಮರ್ಶೆ ಬರೆದಿದ್ದರೆ ಬರೀ ಹೊಗಳಿಕೆಯಾಗುತ್ತಿತ್ತು. ಕಲಿತದ್ದರಲ್ಲಿ ಯಾವುದು ಕೈಯಲ್ಲಿ ಉಳಿಯಿತು ಎಂದು ಎರಡು ವರ್ಷ ನೋಡಿ ಈಗ ಬರೆಯುತ್ತಿದ್ದೇನೆ.

ನಾನು ಓದಿದ್ದು ಬಿ.ಕಾಂ. ಸೋಮವಾರಪೇಟೆ ತಾಲ್ಲೂಕಿನ ಶಾಂತಳ್ಳಿ ಹೋಬಳಿಯಲ್ಲಿ ನಮ್ಮದು ನಾಲ್ಕು ಎಕರೆ ಕಾಫಿ ತೋಟ. ಜೊತೆಗೆ ಒಂದು ಸಹಕಾರ ಸಂಘದಲ್ಲಿ ಲೆಕ್ಕ ಬರೆಯುತ್ತೇನೆ. ಅಲ್ಲಿ ಕಂಪ್ಯೂಟರ್ ನಿಂತರೆ ರಿಪೇರಿಯವರು ಬರಲು ಎರಡು ಮೂರು ದಿನವಾಗುತ್ತಿತ್ತು. ಸಾಲದ ಕೆಲಸಕ್ಕೆ ಬಂದ ರೈತರು ಬೆಂಚಿನ ಮೇಲೆ ಮಧ್ಯಾಹ್ನದವರೆಗೆ ಕಾದು ಬರಿಗೈಯಲ್ಲಿ ಬಸ್ ಹತ್ತುವುದನ್ನು ನೋಡಿ ನೋಡಿ ನನಗೆ ಸಾಕಾಗಿತ್ತು. ಕಲಿಯಬೇಕೆಂಬ ಹಟ ಹುಟ್ಟಿದ್ದು ಅಲ್ಲಿ.

2018ರಲ್ಲಿ ಆರಂಭವಾದ ಕೋರ್ಸ್ ಇದು. ನಾನು ಸೇರಿದಾಗ ಐದು ಭಾಗಗಳಿದ್ದವು: ತಾಂತ್ರಿಕ ನೆರವಿನ ಮೂಲಪಾಠ, ನೆಟ್‌ವರ್ಕ್, ಆಪರೇಟಿಂಗ್ ಸಿಸ್ಟಂ, ಸಿಸ್ಟಂ ನಿರ್ವಹಣೆ, ಭದ್ರತೆ. ಪೂರ್ವ ಅನುಭವ ಬೇಕಿಲ್ಲ, ವಾರಕ್ಕೆ ಹತ್ತು ಗಂಟೆಗಿಂತ ಕಡಿಮೆ ಕೊಟ್ಟರೂ ಸುಮಾರು ಆರು ತಿಂಗಳಲ್ಲಿ ಮುಗಿಯುತ್ತದೆ ಎಂದು ಹೇಳಿದ್ದರು. ನನಗೆ ಹತ್ತು ತಿಂಗಳು ಬೇಕಾಯಿತು. ಡಿಸೆಂಬರ್‌ನಿಂದ ಕೊಯ್ಲು, ಹಣ್ಣು ತೂಗಿಸಿ, ಆಳುಗಳ ಲೆಕ್ಕ ಮುಗಿಸಿ, ಕಣದಲ್ಲಿ ಹರವಿದ್ದನ್ನು ಸಂಜೆ ಗುಡ್ಡೆ ಮಾಡಿ ಮುಚ್ಚುವ ಹೊತ್ತಿಗೆ ಪಾಠ ಕೇಳುವ ಶಕ್ತಿ ಉಳಿಯುತ್ತಿರಲಿಲ್ಲ.

ಕೋರ್ಸಿನ ಜೀವ ಇರುವುದು ಎರಡನೆಯ ಭಾಗದಲ್ಲಿ. ಅಲ್ಲಿ ನೆಟ್‌ವರ್ಕನ್ನು ಐದು ಪದರಗಳಾಗಿ ಬಿಡಿಸಿ ತೋರಿಸುತ್ತಾರೆ. ತಂತಿ ಮತ್ತು ಸಂಕೇತ ಕೆಳಗಿನ ಪದರ, ನಾವು ಬಳಸುವ ತಂತ್ರಾಂಶ ಮೇಲಿನದು. ನೆಟ್‌ವರ್ಕಿನಲ್ಲಿ ಯಂತ್ರವನ್ನು ಗುರುತಿಸುವ ಸಂಖ್ಯೆ, ಅಂದರೆ ಐಪಿ ವಿಳಾಸದ ಲೆಕ್ಕ ಮಾತ್ರ ಎರಡು ವಾರ ತಲೆಗೆ ಹತ್ತಲಿಲ್ಲ. ಕೊನೆಗೆ ಜಗಲಿಯ ಮೇಲೆ ಸೀಮೆಸುಣ್ಣದಿಂದ ಎಂಟು ಮನೆ ಬರೆದೆ. ಬಲಗಡೆಯಿಂದ 1, 2, 4, 8 ಎಂದು ದ್ವಿಗುಣವಾಗುತ್ತಾ ಎಡತುದಿಗೆ 128. ಕಾಫಿ ಬೀಜ ಇಟ್ಟ ಮನೆ ಒಂದು, ಖಾಲಿ ಮನೆ ಸೊನ್ನೆ. ಎಡಗಡೆಯ ಎರಡೇ ಮನೆಗೆ ಬೀಜ ಇಟ್ಟರೆ 128, 64 ಸೇರಿ 192. ಎಂಟೂ ತುಂಬಿದರೆ 255, ಅದಕ್ಕಿಂತ ಹೆಚ್ಚಿಲ್ಲ. ಇಂಥ ನಾಲ್ಕು ಸಾಲು ಸೇರಿದರೆ ಒಂದು ವಿಳಾಸ. ಅಂದು ಸಂಜೆ ನನಗಾದ ಸಂತೋಷವನ್ನು ಇನ್ನೂ ಮರೆತಿಲ್ಲ.

ಡಿಎನ್‌ಎಸ್ ಅರ್ಥವಾದದ್ದು ಪಹಣಿಯಿಂದ. ಊರಿನವರೆಲ್ಲ ಒಂದು ಜಾಗವನ್ನು ‘ಕೆರೆಮೂಲೆ ತೋಟ’ ಎಂದು ಕರೆಯುತ್ತಾರೆ. ಕಚೇರಿಗೆ ಗೊತ್ತಿರುವುದು ಅದರ ಸರ್ವೆ ನಂಬರ್. ಹೆಸರು ಹೇಳಿದರೆ ನಂಬರ್ ಹುಡುಕಿ ಕೊಡುವವರೊಬ್ಬರು ಬೇಕು. ಅಂತರ್ಜಾಲದಲ್ಲಿ ಆ ಕೆಲಸ ಡಿಎನ್‌ಎಸ್‌ನದು. ಹಾಗಾಗಿ ತಾಣ ತೆರೆಯದಿದ್ದಾಗ ನಾನು ಮೊದಲು ಗೂಗಲ್‌ನ 8.8.8.8 ಎಂಬ ಐಪಿ ವಿಳಾಸಕ್ಕೆ ಪಿಂಗ್ ಮಾಡಿ, ಅಂದರೆ ಚಿಕ್ಕ ಸಂದೇಶ ಕಳಿಸಿ ಉತ್ತರ ಬರುತ್ತದೆಯೇ ಎಂದು ನೋಡುತ್ತೇನೆ. ಅಲ್ಲಿಂದ ಉತ್ತರ ಬಂದರೆ ದಾರಿ ಸರಿಯಿದೆ. ಹೆಸರು ಹುಡುಕುವಲ್ಲಿ ತೊಡಕಿರಬಹುದು ಎಂದು ಮುಂದಿನ ಪರೀಕ್ಷೆಗೆ ಹೋಗುತ್ತೇನೆ.

ಕಳೆದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಸಂಘದ ಎರಡು ಕಂಪ್ಯೂಟರ್ ನೆಟ್ಟಗಿದ್ದವು, ಮೂರನೆಯದಕ್ಕೆ ಇಂಟರ್‌ನೆಟ್ ಇರಲಿಲ್ಲ. ಕಮಾಂಡ್ ಪರದೆಯಲ್ಲಿ ಯಂತ್ರದ ಐಪಿ ವಿಳಾಸ ತೋರಿಸುವ ಐಪಿಕಾನ್ಫಿಗ್ ಆಜ್ಞೆ ಕೊಟ್ಟೆ. ವಿಳಾಸ 169.254ರಿಂದ ಶುರುವಾಗಿತ್ತು. ವಿಳಾಸ ಹಂಚುವ ಕಡೆಯಿಂದ (ನಮ್ಮಲ್ಲಿ ಅದು ರೂಟರ್) ಉತ್ತರ ಸಿಗದಾಗ ವಿಂಡೋಸ್ ತಾನೇ ಹಾಕಿಕೊಳ್ಳುವ ವಿಳಾಸವದು. ಅಂದರೆ ದೋಷ ಹೊರಗಿಲ್ಲ, ಈ ಯಂತ್ರಕ್ಕೂ ರೂಟರಿಗೂ ನಡುವೆ ಇದೆ. ಕೇಬಲ್ ಹಿಡಿದು ಹೋದರೆ ಬೀರುವಿನ ಹಿಂದೆ ಇಲಿ ಕಡಿದಿತ್ತು. ಹೊಸ ಕೇಬಲ್ ಹಾಕಿ ಹತ್ತು ನಿಮಿಷದಲ್ಲಿ ಕೆಲಸ ಶುರು ಮಾಡಿದೆವು. ಕಾರ್ಯದರ್ಶಿಯವರು, “ಅಕ್ಕ, ಇನ್ನು ನಾವು ಯಾರಿಗೂ ಫೋನ್ ಮಾಡುವುದು ಬೇಡ” ಎಂದರು. ಈ ಕೋರ್ಸಿಗೆ ಕೊಟ್ಟ ಹತ್ತು ತಿಂಗಳು ಸಾರ್ಥಕವಾಯಿತು ಎಂದು ನನಗೆ ಅನಿಸಿದ್ದು ಅಲ್ಲಿ.

ಮೂರನೆಯ ಭಾಗದಲ್ಲಿ ವಿಂಡೋಸ್, ಲಿನಕ್ಸ್ ಎರಡೂ ಜೊತೆಜೊತೆಗೆ ಬರುತ್ತವೆ. ನಾಲ್ಕನೆಯದು ದೊಡ್ಡ ಕಚೇರಿಗಳ ಸರ್ವರ್, ಬ್ಯಾಕಪ್, ಬಳಕೆದಾರರ ಪಟ್ಟಿ ನೋಡಿಕೊಳ್ಳುವ ಬಗೆ. ನನಗೆ ಅದರಲ್ಲಿ ಬ್ಯಾಕಪ್ ಪಾಠ ಒಂದೇ ದಕ್ಕಿತು. ಭದ್ರತೆಯ ಭಾಗವನ್ನು ಎಲ್ಲರೂ ಕೇಳಬೇಕು. ಅದನ್ನು ಕೇಳಿದ ಮೇಲೆ ಮನೆಯವರೆಲ್ಲರ ಪಾಸ್‌ವರ್ಡ್ ಬೇರೆ ಬೇರೆ ಮಾಡಿಸಿದೆ, ಸಂಘದ ಗೋಡೆಯ ಮೇಲೆ ಸೈಬರ್ ವಂಚನೆಯ ಸಹಾಯವಾಣಿ 1930 ಎಂದು ದೊಡ್ಡದಾಗಿ ಬರೆಸಿದೆ.

ನಾನು ಕೇಳಿದ್ದು ಪೂರ್ತಿ ಇಂಗ್ಲಿಷಿನಲ್ಲಿ. ಕನ್ನಡ ಮಾಧ್ಯಮದಲ್ಲಿ ಓದಿದವರು ಹೆದರಬೇಕಿಲ್ಲ. ವಿಡಿಯೊಗಳು ಚಿಕ್ಕವು, ಕೆಳಗೆ ಅಕ್ಷರಗಳೂ ಬರುತ್ತವೆ. ನಿಲ್ಲಿಸಿ ನಿಲ್ಲಿಸಿ ಕನ್ನಡದಲ್ಲೇ ಟಿಪ್ಪಣಿ ಬರೆದೆ. ಶುಲ್ಕ ತಿಂಗಳ ಲೆಕ್ಕದ್ದು, ನಮ್ಮಂತೆ ನಿಧಾನವಾಗಿ ಓದುವವರಿಗೆ ಅದು ಬೆಳೆಯುತ್ತಾ ಹೋಗುತ್ತದೆ. ಹಾಗಾಗಿ ಆರ್ಥಿಕ ನೆರವಿಗೆ ಅರ್ಜಿ ಹಾಕಿದೆ. ಪ್ರತಿ ಭಾಗಕ್ಕೂ ಪ್ರತ್ಯೇಕ ಅರ್ಜಿ, ಪ್ರತಿ ಸಲವೂ ಹದಿನೈದು ದಿನ ಕಾಯಬೇಕಾಯಿತು; ಹಿಂದಿನ ಭಾಗ ಮುಗಿಯುವ ಮೊದಲೇ ಮುಂದಿನದಕ್ಕೆ ಹಾಕಿಡುವುದು ಒಳ್ಳೆಯದು.

ನೌಕರಿಯ ವಿಷಯವನ್ನೂ ಮುಚ್ಚಿಡದೆ ಹೇಳುತ್ತೇನೆ. ಮನೆಯಿಂದಲೇ ಮಾಡುವ ಕೆಲಸಕ್ಕೆ ಕೆಲವು ಕಡೆ ಅರ್ಜಿ ಹಾಕಿದೆ, ಎರಡು ಕಡೆ ಮಾತನಾಡಿಸಿದರು, ಇಬ್ಬರೂ ಅನುಭವ ಕೇಳಿದರು. ಈ ಪ್ರಮಾಣಪತ್ರ ಒಂದನ್ನೇ ನಂಬಿ ಇರುವ ಕೆಲಸ ಬಿಡಬೇಡಿ. ಕಾಲೇಜು ಮುಗಿಸಿದ ಮಕ್ಕಳು ಇದರ ಜೊತೆಗೆ ಯಾವುದಾದರೂ ಅಂಗಡಿಯಲ್ಲೋ ಕಚೇರಿಯಲ್ಲೋ ಆರು ತಿಂಗಳು ಕೈಕೆಲಸ ಕಲಿತರೆ ದಾರಿ ಸಿಕ್ಕೀತು.

ಇನ್ನು ಮಳೆ. ಜುಲೈನಲ್ಲಿ ಮರ ಬಿದ್ದು ತಂತಿ ತುಂಡಾದರೆ ನಮ್ಮಲ್ಲಿ ಮೂರು ನಾಲ್ಕು ದಿನ ಕರೆಂಟ್ ಇರುವುದಿಲ್ಲ, ಟವರಿನ ಬ್ಯಾಟರಿ ಮುಗಿದರೆ ಸಿಗ್ನಲ್ಲೂ ಇಲ್ಲ. ವಿಡಿಯೊಗಳನ್ನು ಮೊಬೈಲ್ ಆ್ಯಪ್‌ನಲ್ಲಿ ಮೊದಲೇ ಇಳಿಸಿಟ್ಟುಕೊಂಡರೆ ಅಂಥ ದಿನಗಳಲ್ಲೂ ಪಾಠ ನಿಲ್ಲುವುದಿಲ್ಲ. ಆದರೆ ಲ್ಯಾಬ್‌ಗಳಿಗೆ, ಅಂದರೆ ಆನ್‌ಲೈನ್‌ನಲ್ಲೇ ಮಾಡುವ ಅಭ್ಯಾಸಗಳಿಗೆ, ಇಂಟರ್‌ನೆಟ್ ಇರಲೇಬೇಕು, ಅವಕ್ಕೆ ಸಮಯದ ಮಿತಿಯೂ ಇದೆ. ನಡುವೆ ಕರೆಂಟ್ ಹೋಗಿ ಒಂದೇ ಲ್ಯಾಬನ್ನು ಮೂರು ಸಲ ಮಾಡಿದೆ. ನಾಲ್ಕನೆಯ ಸಲ ಸೋಮವಾರಪೇಟೆಯ ತಂಗಿಯ ಮನೆಗೆ ಹೋಗಿ ಮುಗಿಸಿದೆ. ಈಗ ಸೇರುವುದಾದರೆ ನಾನು ಜೂನ್‌ನಲ್ಲಿ ಸೇರುವುದಿಲ್ಲ. ಮಳೆ ಇಳಿದ ಮೇಲೆ ಸೆಪ್ಟೆಂಬರ್ ಕೊನೆಗೆ ಶುರು ಮಾಡಿ, ಕೊಯ್ಲಿಗೆ ಮೊದಲು ಎರಡು ಭಾಗ ಮುಗಿಸಿ. ಲ್ಯಾಬ್ ಹೆಚ್ಚಿರುವ ಭಾಗಗಳನ್ನು ಮಾರ್ಚ್‌ಗೆ ಇಟ್ಟುಕೊಳ್ಳಿ. ಆ ತಿಂಗಳಲ್ಲಿ ಗುಡುಗು ಬರುವುದು ಹೆಚ್ಚಾಗಿ ಮಧ್ಯಾಹ್ನದ ಮೇಲೆ. ಲ್ಯಾಬನ್ನು ಬೆಳಿಗ್ಗೆಯೇ ಮುಗಿಸಿ, ಮೊದಲ ಗುಡುಗಿಗೇ ರೂಟರಿನ ಪ್ಲಗ್ ಕಿತ್ತಿಡಿ.