ಬಿಸಿಯಾದರೆ ಆಫ್, ತಣ್ಣಗಾದರೆ ಸ್ಟಾರ್ಟ್: ಹಳೆ ಸ್ಪೋರ್ಟ್ಸ್ ಕಾರಿನ ಜೊತೆ ಏಳು ವರ್ಷ

ಮೊದಲೇ ಹೇಳಿಬಿಡುತ್ತೇನೆ, ಈ ಕಾರನ್ನು ನಾನು ಮಾರುವುದಿಲ್ಲ. ಆದರೆ ಮಧ್ಯೆ ಒಂದೂವರೆ ವರ್ಷ ಇದನ್ನು ಸಿಕ್ಕಾಪಟ್ಟೆ ಬೈದಿದ್ದೇನೆ. ಆ ಬೈಗುಳದಲ್ಲಿ ಅರ್ಧ ನನಗೇ ಸಲ್ಲಬೇಕಿತ್ತು ಅಂತ ಆಮೇಲೆ ಗೊತ್ತಾಯಿತು.

ಕಾರು 1990ರ ದಶಕದ ಮೊದಲ ಭಾಗದ್ದು. ಎರಡೇ ಸೀಟು, 2 ಲೀಟರ್ ಪೆಟ್ರೋಲ್ ಎಂಜಿನ್, 5 ಗೇರು, ಎಂಜಿನ್ ಶಕ್ತಿ ಹೋಗುವುದು ಹಿಂದಿನ ಚಕ್ರಕ್ಕೆ. ಕಂಪನಿ ಹೆಸರು ಬೇಡ. ಇಲ್ಲಿ ಹೇಳುವ ತೊಂದರೆ ಆ ಕಾಲದ ಬೇಕಾದಷ್ಟು ಕಾರುಗಳಲ್ಲಿ ಇದೆ. ಒಂದನ್ನೇ ಬೊಟ್ಟು ಮಾಡಿ ತೋರಿಸುವುದು ಸರಿಯಲ್ಲ.

ಓಡಿಸುವ ಖುಷಿಯ ಬಗ್ಗೆ ಉದ್ದಕ್ಕೆ ಬರೆಯುವುದಿಲ್ಲ. ಗೇರ್ ಲಿವರ್ ಮಣಿಕಟ್ಟಿನ ಒಂದೇ ತಿರುವಿಗೆ ಬೀಳುತ್ತದೆ. ರಸ್ತೆಯ ಸಣ್ಣ ಕಲ್ಲೂ ಸ್ಟೀರಿಂಗ್‌ನಲ್ಲಿ ಗೊತ್ತಾಗುತ್ತದೆ. ಮೊದಲ ಎರಡು ವರ್ಷ ಆಯಿಲ್, ಫಿಲ್ಟರ್, ಬ್ರೇಕ್ ಪ್ಯಾಡ್ ಬಿಟ್ಟರೆ ಬೇರೇನೂ ಕೇಳಲಿಲ್ಲ.

ಮೂರನೇ ವರ್ಷದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ, ಏರು ರಸ್ತೆಯಲ್ಲಿ, ಮೂರನೇ ಗೇರಿನಲ್ಲಿ ಎಂಜಿನ್ ಸತ್ತೇಹೋಯಿತು. ಕೆಮ್ಮಲಿಲ್ಲ, ಜರ್ಕ್ ಹೊಡೆಯಲಿಲ್ಲ. ಯಾರೋ ಸ್ವಿಚ್ ಆರಿಸಿದ ಹಾಗೆ. ಪಕ್ಕಕ್ಕೆ ತಂದು ನಿಲ್ಲಿಸಿದೆ. ಸೆಲ್ಫ್ ಚೆನ್ನಾಗೇ ತಿರುಗುತ್ತದೆ, ಎಂಜಿನ್ ಮಾತ್ರ ಹಿಡಿಯುವುದಿಲ್ಲ. ಇಪ್ಪತ್ತು ನಿಮಿಷ ಕಾದು ಮತ್ತೆ ಕೀ ತಿರುಗಿಸಿದರೆ ಏನೂ ಆಗಿಯೇ ಇಲ್ಲ ಅನ್ನುವಂತೆ ಸ್ಟಾರ್ಟ್!

ಮರುದಿನ ಮೆಕ್ಯಾನಿಕ್ ಅರ್ಧ ಗಂಟೆ ಓಡಿಸಿ ನೋಡಿದರು. ಡಾಕ್ಟರ ಎದುರು ಕೂತ ಕೂಡಲೇ ಹಲ್ಲುನೋವು ಮಾಯವಾಗುತ್ತಲ್ಲ, ಹಾಗೇ ಆಯಿತು. ‘ಸರ್, ನನ್ನ ಕೈಯಲ್ಲಿ ಆಫ್ ಆಗ್ತಾನೇ ಇಲ್ವಲ್ಲ’ ಅಂದರು. ಇಬ್ಬರೂ ಸೇರಿ ಊಹೆ ಮಾಡಲು ಶುರು ಮಾಡಿದೆವು. ತಪ್ಪಾಗಿದ್ದೇ ಅಲ್ಲಿ. ಟ್ಯಾಂಕಿನೊಳಗಿನ ಫ್ಯುಯಲ್ ಪಂಪ್ ಬದಲಾಯಿತು. ಫ್ಯುಯಲ್ ಫಿಲ್ಟರ್, ಪ್ಲಗ್, ಪ್ಲಗ್ ಕೇಬಲ್ ಎಲ್ಲವೂ ಹೊಸದಾದವು. ನಾಲ್ಕು ತಿಂಗಳು ಗಾಡಿ ಒಮ್ಮೆಯೂ ನಿಲ್ಲಲಿಲ್ಲ. ಪಂಪೇ ಕಾರಣ ಅಂತ ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಆ ನಾಲ್ಕು ತಿಂಗಳು ಚಳಿ ಇತ್ತು ಅನ್ನುವುದು ತಲೆಗೇ ಹೋಗಿರಲಿಲ್ಲ. ಬಿಸಿಲು ಏರಿತು, ಕಾಯಿಲೆಯೂ ವಾಪಸ್ ಬಂತು.

ದೋಷ ಓದುವ ಸ್ಕ್ಯಾನರ್ ಹಾಕಲಿಲ್ಲವಾ ಅಂತ ಕೇಳುತ್ತೀರಿ. ಅದನ್ನು ಸಿಕ್ಕಿಸುವ ಒಬಿಡಿ-2 ಪೋರ್ಟ್ ಅಮೆರಿಕದಲ್ಲಿ ಕಡ್ಡಾಯವಾಗಿದ್ದು 1996ರ ಮಾಡೆಲ್‌ಗಳಿಂದ. ನನ್ನದು ಅದಕ್ಕೂ ಹಳೆಯದು. ಇದರಲ್ಲಿ ಎರಡು ಪಿನ್ ಜೋಡಿಸಿ, ಚೆಕ್ ಎಂಜಿನ್ ದೀಪ ಎಷ್ಟು ಸಲ ಮಿನುಗುತ್ತದೆ ಅಂತ ಎಣಿಸಬೇಕು. ಎಣಿಸಿದೆ. ಯಾವ ದೋಷವೂ ದಾಖಲಾಗಿರಲಿಲ್ಲ. ಅದಕ್ಕೂ ಕಾರಣವಿದೆ, ಮುಂದೆ ಹೇಳುತ್ತೇನೆ.

ಕೊನೆಗೆ ಒಂದು ಕೆಲಸ ಮಾಡಿದೆ. ಡ್ಯಾಶ್‌ಬೋರ್ಡ್ ಕಾಣುವ ಹಾಗೆ ಮೊಬೈಲ್ ಸಿಕ್ಕಿಸಿ, ಹೊರಟಾಗೆಲ್ಲ ವಿಡಿಯೋ ಆನ್ ಮಾಡಿದೆ. ಮೂರನೇ ವಾರ ಸಿಕ್ಕಿಬಿತ್ತು. ಗಾಡಿ ಆಫ್ ಆದ ಕ್ಷಣದಲ್ಲಿ, ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಅಂತ ತೋರಿಸುವ ಆರ್‌ಪಿಎಂ ಮುಳ್ಳು 3,000ದಿಂದ ನೇರ ಸೊನ್ನೆಗೆ ಬಿತ್ತು. ಆಗ ಕಾರು ಇನ್ನೂ ಗೇರಿನಲ್ಲೇ ಉರುಳುತ್ತಿತ್ತು. ಕ್ಲಚ್ ಒತ್ತಿರಲಿಲ್ಲ.

ಇದನ್ನು ಹತ್ತು ಸಲ ನೋಡಿರಬೇಕು. ಗೇರಿನಲ್ಲಿರುವಾಗ ಚಕ್ರಗಳೇ ಎಂಜಿನ್ ತಿರುಗಿಸುತ್ತಿರುತ್ತವೆ. ಪೆಟ್ರೋಲ್ ಮಾತ್ರ ನಿಂತಿದ್ದರೆ ಕಾರು ನಿಧಾನವಾದಂತೆ ಮುಳ್ಳೂ ನಿಧಾನವಾಗಿ ಇಳಿಯಬೇಕು, ಜೊತೆಗೆ ಸಾಮಾನ್ಯವಾಗಿ ಜರ್ಕ್ ಕೂಡ ಇರುತ್ತದೆ. ಎಂಜಿನ್ ತಿರುಗುತ್ತಿದ್ದರೂ ಮುಳ್ಳು ಸೊನ್ನೆ ಅಂದರೆ, ಎಂಜಿನ್ ತಿರುಗುತ್ತಿದೆ ಅನ್ನುವ ಸುದ್ದಿಯೇ ಮೀಟರಿಗೆ ತಲುಪುತ್ತಿಲ್ಲ. ಅಂದರೆ ತೊಂದರೆ ಇರುವುದು ಕರೆಂಟಿನ ಕಡೆ. ಪಂಪ್ ಪಾಪ, ಸುಮ್ನೆ ಬಲಿಯಾಗಿತ್ತು.

ವಿಡಿಯೋದಲ್ಲಿ ಇನ್ನೊಂದೂ ಇತ್ತು. ಬ್ಲೋವರ್ ಸದ್ದು ನಿಂತಿರಲಿಲ್ಲ. ಇಗ್ನಿಷನ್ ಸ್ವಿಚ್ ಪೂರ್ತಿ ಕೈಕೊಟ್ಟಿದ್ದರೆ ಅದೂ ನಿಲ್ಲಬೇಕಿತ್ತು. ಸ್ವಿಚ್ಚನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 2014ರಲ್ಲಿ ಜನರಲ್ ಮೋಟರ್ಸ್ ಲಕ್ಷಾಂತರ ಕಾರುಗಳನ್ನು ವಾಪಸ್ ಕರೆಸಿದ್ದು ಇದೇ ಸ್ವಿಚ್ಚಿನ ವಿಷಯಕ್ಕೆ. ಭಾರದ ಕೀಗೊಂಚಲು ನೇತಾಡಿದರೆ, ರಸ್ತೆ ಕುಲುಕಿದರೆ, ಕೀ ತಾನೇ ಹಿಂದಕ್ಕೆ ತಿರುಗಿ ಎಂಜಿನ್ ಆಫ್ ಆಗಬಹುದಿತ್ತು. ಆ ಪಟ್ಟಿಯಲ್ಲಿ ಪಾಂಟಿಯಾಕ್ ಸಾಲ್‌ಸ್ಟಿಸ್‌ನಂಥ ಎರಡು ಸೀಟಿನ ಸ್ಪೋರ್ಟ್ಸ್ ಕಾರೂ ಇತ್ತು. ಇದನ್ನು ಓದಿದ ದಿನವೇ ನನ್ನ ಗೊಂಚಲಿನಿಂದ ಕಾರಿನ ಕೀ ಬೇರೆ ಮಾಡಿದೆ.

ಉಳಿದ ಅನುಮಾನ ಎರಡು: ಮೇನ್ ರಿಲೇ (ಎಂಜಿನ್ನಿನ ಕಂಪ್ಯೂಟರಿಗೆ ಕರೆಂಟ್ ಕೊಡುವ ಸ್ವಿಚ್), ಕ್ರ್ಯಾಂಕ್ ಸೆನ್ಸರ್ (ಎಂಜಿನ್ ತಿರುಗುವುದನ್ನು ಗುರುತಿಸುವ ಭಾಗ). ಹಳೆ ರಿಲೇಗಳ ಒಳಗೆ ಬೆಸುಗೆ ಬಿರುಕು ಬಿಡುತ್ತದೆ, ಬಿಸಿಗೆ ಸಂಪರ್ಕ ತಪ್ಪುತ್ತದೆ. ಮುಚ್ಚಳ ತೆಗೆದು ಭೂತಕನ್ನಡಿ ಹಿಡಿದರೆ ಪಿನ್ನಿನ ಸುತ್ತ ಸಣ್ಣ ಉಂಗುರದಂಥ ಗೆರೆ ಕಾಣುತ್ತದೆ. ನನ್ನ ರಿಲೇ ಸ್ವಚ್ಛವಾಗಿತ್ತು.

ಕ್ರ್ಯಾಂಕ್ ಸೆನ್ಸರ್ ಅಂದರೆ ದೊಡ್ಡ ಯಂತ್ರವೇನಲ್ಲ. ಒಂದು ಅಯಸ್ಕಾಂತ, ಅದರ ಸುತ್ತ ಕೂದಲಿನಷ್ಟು ತೆಳ್ಳಗಿನ ತಾಮ್ರದ ತಂತಿಯ ಸುರುಳಿ. ಎದುರಿಗೆ ಹಲ್ಲಿನ ಚಕ್ರ ತಿರುಗುವಾಗ ಸುರುಳಿಯಲ್ಲಿ ಸಣ್ಣ ವೋಲ್ಟೇಜ್ ಹುಟ್ಟುತ್ತದೆ. ಅದನ್ನು ನೋಡಿಕೊಂಡೇ ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್, ಕಿಡಿ ಯಾವಾಗ, ಪೆಟ್ರೋಲ್ ಯಾವಾಗ ಅಂತ ನಿರ್ಧರಿಸುವುದು. ವರ್ಷಗಟ್ಟಲೆ ಬಿಸಿ ತಿಂದ ತಂತಿ ಎಲ್ಲೋ ಒಂದು ಕಡೆ ತುಂಡಾಗುತ್ತದೆ. ತಣ್ಣಗಿರುವಾಗ ಎರಡು ತುದಿಗಳೂ ಒಂದಕ್ಕೊಂದು ತಾಗಿಕೊಂಡೇ ಇರುತ್ತವೆ. ಬಿಸಿಯಾಗಿ ಹಿಗ್ಗಿದರೆ ದೂರವಾಗುತ್ತವೆ. ದೋಷ ದಾಖಲಾಗದ ಗುಟ್ಟೂ ಇದೇ. ಸಿಗ್ನಲ್ ಇಲ್ಲ ಅಂದರೆ ಎಂಜಿನ್ ತಿರುಗುತ್ತಿಲ್ಲ ಅಂತಲೇ ನನ್ನ ಕಾರಿನ ಇಸಿಯು ಅಂದುಕೊಳ್ಳುತ್ತದೆ. ನಿಂತ ಎಂಜಿನ್ನಿನಲ್ಲಿ ಅದಕ್ಕೆ ದೋಷ ಏನು ಕಾಣುತ್ತೆ, ಅಲ್ವಾ?

ಮುಂದಿನ ಸಲಕ್ಕೆ ತಯಾರಾಗಿ ಹೊರಟೆ. ಮಲ್ಟಿಮೀಟರ್, ಕಿಡಿ ನೋಡುವ ಟೆಸ್ಟರ್, ಒಂದು ಬಾಟಲಿ ನೀರು, ಬಟ್ಟೆ. ಗಾಡಿ ಕೈಕೊಡಲಿ ಅಂತ ಬೇಡಿಕೊಂಡು ಹೊರಟಿದ್ದು ಜೀವನದಲ್ಲಿ ಅದೇ ಮೊದಲು. ಆಫ್ ಆಯಿತು. ಪಕ್ಕದಲ್ಲಿದ್ದ ಗೆಳೆಯ ಸೆಲ್ಫ್ ಹೊಡೆದಾಗ ಟೆಸ್ಟರ್‌ನಲ್ಲಿ ಕಿಡಿ ಇಲ್ಲ. ಕೀ ಆಫ್ ಮಾಡಿ ಸೆನ್ಸರ್ ಪ್ಲಗ್ ಬಿಚ್ಚಿ ಅಳೆದೆ. ಮನೆಯಲ್ಲಿ ತಣ್ಣಗಿದ್ದಾಗ ಸುರುಳಿಯ ರೆಸಿಸ್ಟೆನ್ಸ್ 600 ಓಮ್ ಆಸುಪಾಸು ತೋರಿಸಿತ್ತು. ಈಗ ಮೀಟರ್ ಏನೂ ತೋರಿಸಲಿಲ್ಲ, ಸರ್ಕ್ಯೂಟ್ ಪೂರ್ತಿ ಓಪನ್, ಅಂದರೆ ತಂತಿಯ ಸಂಪರ್ಕ ತಪ್ಪಿದೆ. ಒದ್ದೆ ಬಟ್ಟೆ ಸೆನ್ಸರ್ ಮೇಲೆ ಇಟ್ಟೆ. ನಾಲ್ಕೇ ನಿಮಿಷಕ್ಕೆ 600 ಓಮ್ ವಾಪಸ್. ಪ್ಲಗ್ ಹಾಕಿ ಕೀ ತಿರುಗಿಸಿದರೆ ಮೊದಲ ಸುತ್ತಿಗೇ ಸ್ಟಾರ್ಟ್. ರಸ್ತೆ ಬದಿಯಲ್ಲಿ ಇಬ್ಬರೂ ಹುಚ್ಚರ ಹಾಗೆ ನಕ್ಕೆವು.

(ಇದನ್ನು ಮಾಡುವವರಿಗೆ: ಓಮ್ ಲೆಕ್ಕ ಕಾರಿನಿಂದ ಕಾರಿಗೆ ಬೇರೆ, ನಿಮ್ಮ ಕಾರಿನ ರಿಪೇರಿ ಪುಸ್ತಕ ನೋಡಿ. ಸುರುಳಿಯ ಬದಲು ಚಿಪ್ ಇರುವ ಮೂರು ತಂತಿಯ ಹಾಲ್ ಸೆನ್ಸರ್‌ಗೆ ಈ ಪರೀಕ್ಷೆ ನಡೆಯುವುದಿಲ್ಲ. ರೇಡಿಯೇಟರ್ ಫ್ಯಾನ್ ಎಂಜಿನ್ ಆಫ್ ಇದ್ದರೂ ತಾನಾಗಿ ತಿರುಗಬಹುದು, ಕೈ ಜೋಪಾನ.)

ಒಂದು ಬೋಲ್ಟ್, ಒಂದು ಪ್ಲಗ್, ಅರ್ಧ ಗಂಟೆಯ ಕೆಲಸ. ಹೊಸ ಸೆನ್ಸರ್ ಹಾಕಿ ಮೂರೂವರೆ ವರ್ಷವಾಯಿತು, ಓಡುತ್ತಾ ಓಡುತ್ತಾ ನಿಂತದ್ದು ಒಮ್ಮೆಯೂ ಇಲ್ಲ. ಬೆಟ್ಟ ಅಗೆದು ಇಲಿ ಹಿಡಿದ ಹಾಗೆ ಆಯಿತು ನಿಜ. ಆದರೆ ಬೆಟ್ಟ ಅಗೆಯಿರಿ ಅಂತ ಇಲಿಯೇನೂ ಹೇಳಿರಲಿಲ್ಲ.

ಕಳೆದ ವರ್ಷ ಬೇರೆ ಥರ ಆಫ್ ಆಗತೊಡಗಿತು. ಸಿಗ್ನಲ್ ಹತ್ತಿರ ಕಾಲು ತೆಗೆದು ನ್ಯೂಟ್ರಲ್‌ಗೆ ಹಾಕಿದರೆ ಆರ್‌ಪಿಎಂ ಇಳಿದು, ಒದ್ದಾಡಿ, ಸಾಯುವುದು. ಈ ಸಲ ಮುಳ್ಳು ನಿಧಾನವಾಗಿ ಬಿದ್ದಿತ್ತು. ಹಾಗಾಗಿ ಸೆನ್ಸರ್ ತಂಟೆಗೇ ಹೋಗಲಿಲ್ಲ. ಕಾಲು ತೆಗೆದಾಗ ಎಂಜಿನ್ನಿಗೆ ಗಾಳಿ ಕೊಡುವ ಐಡ್ಲ್ ವಾಲ್ವಿನಲ್ಲಿ ಮಸಿ ಕಟ್ಟಿತ್ತು, ಗಾಳಿ ಹೋಗುವ ರಬ್ಬರ್ ಪೈಪಿನ ಮಡಿಕೆಯಲ್ಲಿ ಸೀಳು ಇತ್ತು. ಒಂದನ್ನು ತೊಳೆದೆ, ಇನ್ನೊಂದನ್ನು ಬದಲಿಸಿದೆ. ಒಂದು ಭಾನುವಾರ ಸಾಕಾಯಿತು.

ಓಡುವಾಗ ಎಂಜಿನ್ ಸತ್ತರೆ ಏನು ಮಾಡಬೇಕು ಅನ್ನುವುದೂ ಮುಖ್ಯ. ಬ್ರೇಕ್ ತುಳಿಯುವುದನ್ನು ಹಗುರ ಮಾಡುವ ಬೂಸ್ಟರ್‌ನಲ್ಲಿ ಉಳಿದ ವ್ಯಾಕ್ಯೂಮ್ ಒಂದೆರಡು ಸಲಕ್ಕೆ ಮಾತ್ರ ಸಾಕು. ಪದೇ ಪದೇ ತುಳಿಯಬೇಡಿ, ಒಂದೇ ಸಲ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಪವರ್ ಸ್ಟೀರಿಂಗ್ ಇದ್ದರೆ ಅದು ಭಾರವಾಗುತ್ತದೆ. ಗಾಡಿ ನಿಲ್ಲುವ ತನಕ ಕೀ ಮಾತ್ರ ಹೊರಗೆ ತೆಗೆಯಬೇಡಿ, ಸ್ಟೀರಿಂಗ್ ಲಾಕ್ ಆಗುತ್ತದೆ.

ಅಂಕ ಕೊಡಬೇಕಲ್ಲ: ಓಡಿಸುವುದಕ್ಕೆ 5ಕ್ಕೆ 5. ನಂಬಿಕೆಗೆ ಈಗ 4, ಆ ಒಂದೂವರೆ ವರ್ಷಕ್ಕೆ 1. ರಿಪೇರಿಗೆ ಕೈ ಹಾಕುವ ಸುಲಭಕ್ಕೆ 5, ಬಾನೆಟ್ ತೆಗೆದರೆ ಎಲ್ಲವೂ ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ. ದಿನಾ ಕೆಲಸಕ್ಕೆ ಇದೊಂದೇ ಗಾಡಿ ಅನ್ನುವವರು ತೆಗೆದುಕೊಳ್ಳಬೇಡಿ. ಇನ್ನೊಂದು ಗಾಡಿ ಇದ್ದು, ಮಲ್ಟಿಮೀಟರ್ ಹಿಡಿಯಲು ಬೇಜಾರಿಲ್ಲದವರು ಧೈರ್ಯವಾಗಿ ತಗೊಳ್ಳಿ. ಹಳೆ ಫ್ಯುಯಲ್ ಪಂಪ್ ಇನ್ನೂ ನನ್ನ ಕಪಾಟಿನಲ್ಲಿದೆ. ಹೋದ ತಿಂಗಳು 12 ವೋಲ್ಟ್ ಕೊಟ್ಟು ಒಂದು ಕ್ಷಣ ನೋಡಿದೆ. ಜುಮ್ಮೆಂದು ತಿರುಗುತ್ತದೆ.