ಚಿಕ್ಕಪ್ಪನ ಮನೆ ಖಾಲಿ ಮಾಡಲು ಡಂಪ್‌ಸ್ಟರ್ ತರಿಸಿ ಕೈ ಸುಟ್ಟುಕೊಂಡೆ

ನ್ಯೂಜೆರ್ಸಿಯಲ್ಲಿದ್ದ ಚಿಕ್ಕಪ್ಪ ತೀರಿಕೊಂಡ ಮೇಲೆ ಅವರ ಮನೆ ಖಾಲಿ ಮಾಡಿಸುವ ಕೆಲಸ ನನ್ನ ಪಾಲಿಗೆ ಬಂತು. ನಲವತ್ತು ವರ್ಷ ಇದ್ದ ಮನೆ, ಬೇಸ್‌ಮೆಂಟ್ ತುಂಬಾ ಸಾಮಾನು. ನನಗಿದ್ದದ್ದು ಎರಡು ವಾರ ರಜೆ. ಹೋದ ದಿನವೇ ಫೋನ್ ಮಾಡಿ 20 ಘನ ಯಾರ್ಡ್ ಹಿಡಿಸುವ ಡಂಪ್‌ಸ್ಟರ್, ಅಂದರೆ ಕಸ ತುಂಬಿ ಕಳಿಸುವ ದೊಡ್ಡ ಬಾಡಿಗೆ ತೊಟ್ಟಿ, ತರಿಸಿದೆ. ಹತ್ತು ದಿನಕ್ಕೆ 520 ಡಾಲರ್ ಅಂದರು. ಕೊನೆಗೆ ಕಾರ್ಡಿನಿಂದ ಹೋಗಿದ್ದು 1,030.

22 ಅಡಿ ಉದ್ದದ ಕಬ್ಬಿಣದ ತೊಟ್ಟಿ ನೋಡಿದರೆ ಎಷ್ಟು ಬೇಕಾದರೂ ತುಂಬಬಹುದು ಅನ್ನಿಸುತ್ತೆ. ಆದರೆ ಬಿಲ್ ಏರುವುದು ಜಾಗದ ಮೇಲಲ್ಲ, ತೂಕದ ಮೇಲೆ. ನನ್ನ ದರದಲ್ಲಿ ಸೇರಿದ್ದು ಎರಡೇ ಟನ್. ಅದೂ ಅಮೆರಿಕದ ಟನ್, 907 ಕಿಲೋ. ಮೀರಿದರೆ ಟನ್ನಿಗೆ 110, ಚೂರು ಮೀರಿದರೂ ಪೂರ್ತಿ ಟನ್ ಲೆಕ್ಕ.

ಬೇಸ್‌ಮೆಂಟಿನ ಕಾರ್ಪೆಟ್ ಕಿತ್ತು ಮೊದಲ ದಿನವೇ ಅದರೊಳಗೆ ಹಾಕಿದೆ. ಎರಡು ರಾತ್ರಿ ಜೋರು ಮಳೆ. ಟಾರ್ಪಾಲು ಹೊದಿಸಬೇಕು ಅಂತ ಹೊಳೆಯಲೇ ಇಲ್ಲ. ಬೆಳಿಗ್ಗೆ ಇಬ್ಬರು ಸೇರಿ ಎಳೆದರೂ ಕಾರ್ಪೆಟ್ ಅಲ್ಲಾಡಲಿಲ್ಲ, ಹಿಂಡಿದ ಕಡೆಯೆಲ್ಲ ಕಂದು ನೀರು. ಜೊತೆಗೆ ಚಿಕ್ಕಪ್ಪ ಕಟ್ಟಿಟ್ಟಿದ್ದ ಸುಧಾ, ಕಸ್ತೂರಿ ಬಂಡಲ್‌ಗಳು. ಕಾಗದಕ್ಕೇನು ಭಾರ ಅಂದುಕೊಂಡಿದ್ದೆ. ತೂಕದ ಚೀಟಿ ಬಂತು: 3.64 ಟನ್. ಮಳೆನೀರಿಗೂ ದುಡ್ಡು ಕೊಟ್ಟ ಮಹಾನುಭಾವ ನಾನೇ ಇರಬೇಕು.

ಇನ್ನೊಂದು ಕಥೆ ಕೇಳಿ. ರಾತ್ರಿ ಯಾರೋ ಪುಣ್ಯಾತ್ಮರು ತಮ್ಮ ಮನೆಯ ಎರಡು ಹಳೇ ಟಿವಿ, ಒಂದು ಹಾಸಿಗೆ ತಂದು ಸುರಿದು ಹೋಗಿದ್ದರು. ಹಾಸಿಗೆ ಅಂಚಿನಿಂದ ಮೇಲಕ್ಕೆ ಎದ್ದಿತ್ತು. ಲಾರಿ ಡ್ರೈವರ್ ಬಂದವನೇ ಅಂಚು ಮೀರಿದೆ, ಒಯ್ಯಲ್ಲ ಅಂತ ವಾಪಸ್ ಹೋದ. ಸುಮ್ನೆ ಬಂದು ಹೋದದ್ದಕ್ಕೆ 150, ಮತ್ತೆ ಬರುವ ತನಕ ಮೂರು ದಿನಕ್ಕೆ 60. ನ್ಯೂಜೆರ್ಸಿಯಲ್ಲಿ 2011ರಿಂದ ಟಿವಿ, ಕಂಪ್ಯೂಟರ್ ಕಸಕ್ಕೆ ಹಾಕುವಂತಿಲ್ಲ, ಅದಕ್ಕೆ ಇನ್ನೊಂದು 80. ನಮ್ಮದಲ್ಲ ಅಂದರೆ ಕೇಳುವವರು ಯಾರು? ಪೇಂಟ್, ಬ್ಯಾಟರಿ ಮಾತ್ರ ಕೌಂಟಿಯವರು (ಅಲ್ಲಿನ ಜಿಲ್ಲಾಡಳಿತದವರು) ತೆಗೆದುಕೊಳ್ಳುವ ದಿನ ಕೊಟ್ಟು ಬಂದೆ, ಪುಣ್ಯಕ್ಕೆ.

ತೊಟ್ಟಿಯ ಚಕ್ರದ ಕೆಳಗೆ ಹಲಗೆ ಇಡಿಸಿರಲಿಲ್ಲ. ಆಗಸ್ಟ್ ಬಿಸಿಲಿಗೆ ಮೆತ್ತಗಾದ ಡ್ರೈವ್‌ವೇ ಡಾಂಬರಿನಲ್ಲಿ ಎರಡು ಗುಂಡಿ ಬಿತ್ತು. ಮನೆ ನೋಡಲು ಬಂದವರ ಕಣ್ಣು ಮೊದಲು ಹೋಗಿದ್ದೇ ಅಲ್ಲಿಗೆ.

ಇದೆಲ್ಲ ದುಡ್ಡಿನ ಮಾತಾಯಿತು. ನಾನು ಮಾಡಿದ ದೊಡ್ಡ ತಪ್ಪು, ಸಾಮಾನು ಬೇರೆ ಮಾಡುವ ಮೊದಲೇ ತೊಟ್ಟಿ ತರಿಸಿದ್ದು. ಬಾಗಿಲಲ್ಲಿ ಅದು ನಿಂತಿದ್ದರೆ ಕೈಗೆ ಸಿಕ್ಕಿದ್ದೆಲ್ಲ ಎಸೆಯೋಣ ಅನ್ನಿಸುತ್ತೆ. ಐದನೇ ದಿನ ಬೆಂಗಳೂರಿನಿಂದ ತಮ್ಮ ಫೋನ್ ಮಾಡಿದ: "ಸೈಟಿನ ಪತ್ರ ಎಲ್ಲಿದೆ?" ಕೈಗವಸು ಹಾಕಿಕೊಂಡು ತೊಟ್ಟಿಗೆ ಇಳಿದೆ. ಖಾತಾ ಪತ್ರ ಸುಧಾ ಸಂಚಿಕೆಯೊಂದರ ಒಳಗೆ ಅಂಟಿಕೊಂಡಿತ್ತು, ಒದ್ದೆಯಾಗಿ. ಕ್ರಯಪತ್ರ ಸಿಗಲಿಲ್ಲ. ಅದರ ನಕಲಿಗೆ ತಮ್ಮ ಇನ್ನೂ ಸಬ್‌ರಿಜಿಸ್ಟ್ರಾರ್ ಆಫೀಸಿಗೆ ಓಡಾಡುತ್ತಿದ್ದಾನೆ.