ಮರದ ತುಂಡುಗಳ ಪಟ್ಟಿಗೆ ಯಾವುದು ವಾಸಿ: ರಿಜಿಸ್ಟರ್, ಎಕ್ಸೆಲ್ ಅಥವಾ ಸ್ಪೆಸಿಫೈ?

ಅಂಗೈಯಗಲದ ಒಂದು ಮರದ ತುಂಡು. ಅದರ ಮೇಲೆ ಮಾಸಿದ ಶಾಯಿಯಲ್ಲಿ ಒಂದು ನಂಬರ್. ಆ ನಂಬರ್ ಎಲ್ಲಿಯದು ಅಂತ ಹೇಳುವ ಪುಸ್ತಕ ಕಳೆದುಹೋದರೆ, ಆ ತುಂಡಿಗೂ ಸೌದೆಗೂ ವ್ಯತ್ಯಾಸ ಉಳಿಯುವುದಿಲ್ಲ. ಯಾವ ಮರ, ಎಲ್ಲಿ ಕಡಿದದ್ದು, ಯಾರು ತಂದದ್ದು, ಅದೇ ಮರದ ಎಲೆ-ಹೂವನ್ನು ಒಣಗಿಸಿ ಅಂಟಿಸಿದ ಹರ್ಬೇರಿಯಂ ಹಾಳೆ ಎಲ್ಲಿದೆ – ಇಷ್ಟು ಗೊತ್ತಿದ್ದರೆ ಮಾತ್ರ ಅದು ವಿಜ್ಞಾನದ ಮಾದರಿ.

ಒಂದು ಸಂಶೋಧನಾ ಸಂಸ್ಥೆಯ ಮರದ ಸಂಗ್ರಹವನ್ನು, ಅಂದರೆ ಕ್ಸೈಲೇರಿಯಂ ಅನ್ನು, ಪಟ್ಟಿ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಕೈಬರಹದ ರಿಜಿಸ್ಟರ್ ಮೊದಲೇ ಇತ್ತು. ಆಮೇಲೆ ಎಕ್ಸೆಲ್, ಕೊನೆಗೆ ವಿಜ್ಞಾನದ ಮಾದರಿಗಳ ಸಂಗ್ರಹವನ್ನು ದಾಖಲಿಸಲೆಂದೇ ಇರುವ ಸ್ಪೆಸಿಫೈ ಎಂಬ ಸಾಫ್ಟ್‌ವೇರ್. ಮೂರಕ್ಕೂ ಒಂದೇ ಪರೀಕ್ಷೆ ಇಟ್ಟೆ: ಸಂಗ್ರಹದಲ್ಲಿರುವ ಡಾಲ್ಬರ್ಜಿಯಾ ಕುಲದ ತುಂಡುಗಳನ್ನೆಲ್ಲ ಹುಡುಕಿ ಕೊಡಬೇಕು. ನಮ್ಮ ಬೀಟೆ ಮರ ಇದೇ ಕುಲದ್ದು. 2017ರ ಜನವರಿಯಲ್ಲಿ ಇಡೀ ಕುಲ ಸೈಟಿಸ್ ಪಟ್ಟಿಯೊಳಗೆ ಬಂತು, ಅಂದರೆ ಅಪಾಯದಲ್ಲಿರುವ ಸಸ್ಯ-ಪ್ರಾಣಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಒಪ್ಪಂದದ ಪಟ್ಟಿಯೊಳಗೆ. ಹಾಗಾಗಿ ಬೇರೆ ದೇಶಕ್ಕೆ ಒಂದು ಚೂರು ಕಳಿಸುವ ಮೊದಲೂ ಇದು ಗೊತ್ತಿರಬೇಕು.

ರಿಜಿಸ್ಟರ್‌ನಲ್ಲಿ ಎರಡು ದಿನ ಹಿಡಿಯಿತು. ಅದು ತುಂಡುಗಳು ಬಂದ ಕ್ರಮದಲ್ಲಿದೆ, ಮರದ ಹೆಸರಿನ ಕ್ರಮದಲ್ಲಲ್ಲ. ಪುಟ ಪುಟ ಬೆರಳಿಟ್ಟು ನೋಡಬೇಕು. ಆದರೂ ಅದರ ಮೇಲೆ ನನಗೆ ಗೌರವ ಜಾಸ್ತಿ. ಯಾರೋ ಹಳೆಯ ಹೆಸರಿಗೆ ಗೆರೆ ಎಳೆದು ಪಕ್ಕದಲ್ಲಿ ಹೊಸದನ್ನು ಬರೆದಿದ್ದಾರೆ. ಎರಡೂ ಕಣ್ಣಿಗೆ ಕಾಣುತ್ತವೆ.

ಎಕ್ಸೆಲ್‌ನಲ್ಲಿ ಅದೇ ಕೆಲಸ ಅರ್ಧ ನಿಮಿಷದ್ದು. ಕಾಗುಣಿತ ತಪ್ಪಿದ್ದವು ಮಾತ್ರ ತಪ್ಪಿಸಿಕೊಂಡವು. ಅವನ್ನು ಓಪನ್‌ರಿಫೈನ್ ಎಂಬ, ಪಟ್ಟಿಯ ತಪ್ಪು ತಿದ್ದುವ ಸಾಫ್ಟ್‌ವೇರ್‌ನಲ್ಲಿ ಒಂದೇ ತರಹದ ಹೆಸರುಗಳನ್ನು ಗುಂಪು ಮಾಡಿ ಹಿಡಿದೆ. ಇಷ್ಟು ಸುಲಭ ಅಂತ ಖುಷಿಯಾಗಿದ್ದಾಗಲೇ ತೊಂದರೆ ಶುರುವಾಯಿತು. 00417 ಎಂಬ ನಂಬರ್ ಸುಮ್ನೆ 417 ಆಯಿತು. 3-12 ಎಂಬುದು ತಾರೀಖು ಆಗಿಬಿಟ್ಟಿತು. ತುಂಡಿನ ಮೇಲೆ ಒಂದು, ಪಟ್ಟಿಯಲ್ಲಿ ಇನ್ನೊಂದು! ಕಾಲಂ ಅನ್ನು ಮೊದಲೇ ಟೆಕ್ಸ್ಟ್ ಎಂದು ಗುರುತು ಮಾಡಿದರೆ ಇದು ತಪ್ಪುತ್ತದೆ. ಒಂದೇ ಕಾಲಂ ಅನ್ನು ಸಾರ್ಟ್ ಮಾಡಿ, ಹೆಸರುಗಳೆಲ್ಲ ಬೇರೆ ತುಂಡುಗಳಿಗೆ ಅಂಟಿಕೊಂಡರೆ ಅದು ಬೇಗ ಕಣ್ಣಿಗೆ ಬೀಳುವುದಿಲ್ಲ. ನನಗೆ ಹಾಗಾಯಿತು. ಹಿಂದಿನ ವಾರದ ಪ್ರತಿ ಇದ್ದುದರಿಂದ ಉಳಿದೆ.

ಆದರೆ ಎಕ್ಸೆಲ್ ನನಗೆ ಸಾಲದು ಅನಿಸಿದ್ದು ಮರಗಳ ಹೆಸರಿನ ವಿಷಯದಲ್ಲಿ. ಹೆಸರುಗಳು ಬದಲಾಗುತ್ತಲೇ ಇರುತ್ತವೆ. ಅಕೇಶಿಯಾ ಎಂಬ ಹೆಸರು ಬಹುಪಾಲು ಆಸ್ಟ್ರೇಲಿಯಾದ ಗುಂಪಿಗೇ ಇರಲಿ ಎಂದು 2005ರ ವಿಯೆನ್ನಾ ಸಸ್ಯಶಾಸ್ತ್ರ ಸಮ್ಮೇಳನದಲ್ಲಿ ತೀರ್ಮಾನವಾಯಿತು, 2011ರಲ್ಲಿ ಮೆಲ್ಬರ್ನ್‌ನಲ್ಲಿ ಅದು ಗಟ್ಟಿಯಾಯಿತು. ಹಾಗೆ ಮೊದಲು ಅಕೇಶಿಯಾ ನೈಲೋಟಿಕಾ ಆಗಿದ್ದ ಕರಿಜಾಲಿ ಈಗ ವಾಚೆಲಿಯಾ ನೈಲೋಟಿಕಾ. ತೇಗದ ಹೆಸರು ಹಾಗೇ ಇದೆ, ಆದರೆ ಅದರ ಕುಟುಂಬ ವರ್ಬಿನೇಸಿಯಿಂದ ಲೇಮಿಯೇಸಿಗೆ ಹೋಯಿತು. ಎಕ್ಸೆಲ್‌ನಲ್ಲಿ ನಾನು ಹಳೆಯ ಹೆಸರಿನ ಮೇಲೆಯೇ ಹೊಸದನ್ನು ಬರೆದೆ. ಆಮೇಲೆ ತುಂಡಿನ ಚೀಟಿಗೂ ಪಟ್ಟಿಗೂ ಹೊಂದಿಕೆಯೇ ಇರಲಿಲ್ಲ.

ಸ್ಪೆಸಿಫೈ ಇಲ್ಲಿ ಗೆಲ್ಲುತ್ತದೆ. ಒಂದು ಮಾದರಿಗೆ ಎಷ್ಟು ಹೆಸರು ಬೇಕಾದರೂ ಸೇರಿಸಬಹುದು. ಯಾರು ಗುರುತಿಸಿದರು, ಯಾವಾಗ ಅಂತಲೂ ಬರೆದಿಡಬಹುದು. ಒಂದು ಈಗಿನ ಹೆಸರು, ಉಳಿದವು ಅದರ ಹಿಂದೆ ಹಾಗೇ ಇರುತ್ತವೆ. ರಿಜಿಸ್ಟರ್‌ನ ಆ ಗೆರೆ ಎಳೆದ ಹೆಸರು ಇಲ್ಲಿ ಮತ್ತೆ ಸಿಕ್ಕಿದಂತಾಯಿತು. ಇನ್ನೊಂದು ಮುಖ್ಯ ವಿಷಯ: ಒಂದೇ ತುಂಡಿನಿಂದ ಅಡ್ಡ ಸೀಳು, ಎರಡು ಬಗೆಯ ಉದ್ದ ಸೀಳು ಕತ್ತರಿಸಿ ಸ್ಲೈಡ್ ಮಾಡುತ್ತೇವೆ ಅಲ್ವಾ? ಆ ಸ್ಲೈಡ್‌ಗಳೆಲ್ಲ ಒಂದೇ ಮಾದರಿಯ ಕೆಳಗೆ ನಿಲ್ಲುತ್ತವೆ. ಯಾವುದನ್ನು ಯಾರಿಗೆ ಎರವಲು ಕೊಟ್ಟೆವು ಎಂಬುದೂ ಅಲ್ಲೇ ಇರುತ್ತದೆ. ಡಾಲ್ಬರ್ಜಿಯಾ ಪರೀಕ್ಷೆಯಲ್ಲಿ ಕುಲದ ಹೆಸರು ಹಿಡಿದರೆ ಸಾಕಿತ್ತು, ಕೆಳಗಿನ ಪ್ರಭೇದಗಳೆಲ್ಲ ಬಂದವು.

ಕಷ್ಟವೂ ಇದೆ. ಸಾಫ್ಟ್‌ವೇರ್‌ಗೆ ದುಡ್ಡು ಕೊಡಬೇಕಿಲ್ಲ, ಆದರೆ ಸ್ಪೆಸಿಫೈ 7ಕ್ಕೆ ಸರ್ವರ್ ಬೇಕು, ಅದನ್ನು ನೋಡಿಕೊಳ್ಳುವ ಮನುಷ್ಯ ಬೇಕು. ಕಾಂಡದ ಮರವೋ ಕೊಂಬೆಯದೋ, ಚೇಗು (ಕಾಂಡದ ಒಳಗಿನ ಗಟ್ಟಿ ಮರ) ಇದೆಯೋ ಇಲ್ಲವೋ ಎಂಬ ಖಾನೆಗಳನ್ನು ನಾವೇ ಮಾಡಿಕೊಳ್ಳಬೇಕಾಯಿತು. ಮೊದಲ ತಿಂಗಳು ಒಂದು ತುಂಡೂ ದಾಖಲಾಗಲಿಲ್ಲ. ಸಂಗ್ರಹ ಚಿಕ್ಕದು, ಕೆಲಸಕ್ಕೆ ಒಬ್ಬರೇ ಇದ್ದೀರಿ ಅಂದರೆ ಎಕ್ಸೆಲ್ ಸಾಕು. ಹಳೆಯ ಹೆಸರಿಗೆ ಒಂದು ಬೇರೆ ಕಾಲಂ ಇಡಿ.

ಯಾವುದನ್ನು ಬಳಸಿದರೂ ಹಳೆಯ ನಂಬರ್ ಬದಲಿಸಬೇಡಿ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಮರದ ಸಂಗ್ರಹ ಅಲ್ಲಿನದೇ ಮ್ಯಾಡಿಸನ್ ನಗರದ ಫಾರೆಸ್ಟ್ ಪ್ರಾಡಕ್ಟ್ಸ್ ಲ್ಯಾಬೊರೇಟರಿಗೆ ಹೋದ ಮೇಲೂ ತನ್ನ ಎಸ್‌ಜೆಆರ್‌ಡಬ್ಲ್ಯೂ ಎಂಬ ಗುರುತನ್ನು ಉಳಿಸಿಕೊಂಡಿದೆ, ಅಲ್ಲಿನ ಸ್ವಂತ ಸಂಗ್ರಹದ್ದು ಎಂಎಡಿಡಬ್ಲ್ಯೂ. ಹಳೆಯ ಪ್ರಬಂಧದಲ್ಲಿ ಕಂಡ ನಂಬರ್ ಹಿಡಿದು ಇವತ್ತಿಗೂ ತುಂಡನ್ನು ಹುಡುಕಬಹುದು.

ನಮ್ಮಲ್ಲಿ ಹೆಸರೇ ಇಲ್ಲದ ತುಂಡುಗಳೂ ಇವೆ. ರಿಜಿಸ್ಟರ್‌ನಲ್ಲಿ ಅವು ಖಾಲಿ ಸಾಲು. ಎಕ್ಸೆಲ್‌ನಲ್ಲಿ ಸಾರ್ಟ್ ಮಾಡಿದಾಗ ಕೊನೆಗೆ ಹೋಗಿ ಕೂತು ಮರೆತೇ ಹೋಗಿದ್ದವು. ಈಗ ಸ್ಪೆಸಿಫೈನಲ್ಲಿ ಅವನ್ನು ಹುಡುಕಿ ತೋರಿಸುವ ಒಂದು ಪ್ರಶ್ನೆ (ಕ್ವೆರಿ) ಬರೆದಿಟ್ಟಿದ್ದೇನೆ, ಪ್ರತಿ ಸೋಮವಾರ ತೆರೆಯುತ್ತೇನೆ. ಕಳೆದ ವಾರ, ಮರವನ್ನು ಸಂಗ್ರಹಿಸಿದವರು ಅದಕ್ಕೆ ಕೊಟ್ಟಿದ್ದ ನಂಬರ್ ಹಿಡಿದು ಹೋದಾಗ ಒಂದು ತುಂಡಿಗೆ ಅದರ ಹರ್ಬೇರಿಯಂ ಹಾಳೆ ಸಿಕ್ಕಿತು.